ಅತ್ತೆಯ ಮೀನಿಗೆ ಅಳಿಯನ ಥರ್ಮಾಮೀಟರ್

"ಅಂಗಡಿಯಿಂದ ತರೋದಾ? ಈ ಮನೇಲಿ ನಾನು ಉಸಿರಾಡ್ತಿರೋವಾಗ ದುಡ್ಡು ಕೊಟ್ಟು ಥರ್ಮಾಮೀಟರ್ ತರೋದಾ!"

ಅಳಿಯಂದಿರು ಎದೆ ತಟ್ಟಿಕೊಂಡು ಘೋಷಿಸಿಬಿಟ್ಟರು. ಅವರು ತಕ್ಕಡಿ ಕಂಪನಿಯ ಸರ್ವೀಸ್ ಇಂಜಿನಿಯರ್. ತಮ್ಮ ಕೈ ಸೋಕಿದರೆ ಸಾಕು, ಎಂಥ ಎಲೆಕ್ಟ್ರಾನಿಕ್ ತಕ್ಕಡಿಯೂ ಸುಳ್ಳು ಹೇಳುವುದನ್ನು ಬಿಟ್ಟುಬಿಡುತ್ತದೆ ಎಂಬುದು ಅವರದೇ ಅಭಿಪ್ರಾಯ.

ಮಗಳ ಮನೆಗೆಂದು ಬಂದ ಅತ್ತೆ, ತಮ್ಮ ಮುದ್ದಿನ ಕೆಂಪು ಮೀನನ್ನೂ ಗಾಜಿನ ತೊಟ್ಟಿಯ ಸಮೇತ ಕರೆತಂದಿದ್ದರು. ವಯಸ್ಸಾದ ಮೀನು. ನೀರು ಸ್ವಲ್ಪ ತಣ್ಣಗಾದರೂ ಮಗ್ಗುಲಾಗಿ ತೇಲಲು ಶುರುಮಾಡುತ್ತದೆ. ಅದಕ್ಕೇ ತೊಟ್ಟಿಗೊಂದು ಹೀಟರು, ಒಂದು ಥರ್ಮಾಮೀಟರು. ಆ ಥರ್ಮಾಮೀಟರು ದಾರಿಯಲ್ಲೇ ಒಡೆದುಹೋಗಿತ್ತು.

ಅಳಿಯಂದಿರು ಒಳಕೋಣೆಯ ಮೇಜಿನ ಮುಂದೆ ತಪಸ್ಸಿಗೆ ಕೂತು, ಹೆಬ್ಬೆಟ್ಟಿನಗಲದ ಡಿಸ್‌ಪ್ಲೇಗೆ ಸೆನ್ಸರ್ ಜೋಡಿಸಿದರು. ಅಂಕಿಗಳು ಮುತ್ತಿನಂತೆ ಮೂಡಿದವು! ಮೆರವಣಿಗೆಯಲ್ಲಿ ತಂದು ಹಾಲಿನ ಕಿಟಕಿ ಪಕ್ಕದ ತೊಟ್ಟಿಗೆ ಅಂಟಿಸಿದರು. ಅಂಕಿಗಳು ಮಾಯ!

"ಏನೂ ಕಾಣ್ತಿಲ್ವಲ್ರೀ?" ಎಂದಳು ಹೆಂಡತಿ.

"ಬ್ಯಾಟರಿ ಪ್ರಾಬ್ಲಂ ಕಣೇ, ಒಂದೇ ನಿಮಿಷ."

ಟಾರ್ಚ್ ಬಿಟ್ಟು ನೋಡಿದರು. ಡಿಸ್‌ಪ್ಲೇ ಸತ್ತಿತ್ತು. ಬ್ಯಾಟರಿ ಬದಲಾಯಿಸಿ ಮತ್ತೆ ಟಾರ್ಚ್ ಬಿಟ್ಟರು. ಹೆಣ! ವೈರು ಬದಲಾಯಿಸಿದರು, ಬೆಸುಗೆ ಕಿತ್ತು ಹೊಸದಾಗಿ ಹಾಕಿದರು. ಒಳಕೋಣೆಗೆ ಒಯ್ದರೆ ಅಂಕಿ ಹಾಜರು, ಹಾಲಿಗೆ ತಂದರೆ ಗೈರು.

"ಅದನ್ನೇನ್ರೀ ಹಸುಗೂಸಿನ ಹಾಗೆ ಎತ್ಕೊಂಡು ಓಡಾಡ್ತಿದ್ದೀರಿ?"

"ಸುಮ್ನಿರೇ! ತೊಟ್ಟಿ ನೀರಲ್ಲಿ ಕರೆಂಟ್ ಲೀಕ್ ಆಗ್ತಿರಬೇಕು. ಮೀನಿನ ಪ್ರಾಣದ ಪ್ರಶ್ನೆ!"

ತಕ್ಷಣ ತೊಟ್ಟಿಯ ಸ್ವಿಚ್ಚುಗಳನ್ನೆಲ್ಲ ಆರಿಸಿ, ಮೀನನ್ನು ಬಚ್ಚಲಿನ ಬಕೆಟ್ಟಿಗೆ ಸ್ಥಳಾಂತರಿಸಿ, ವೈರುಗಳ ನಡುವೆ ಮುಳುಗಿಹೋದರು. ಈ ಸ್ಥಳಾಂತರದ ಸುದ್ದಿಯನ್ನು ಯಾರಿಗಾದರೂ ಹೇಳಬೇಕಿತ್ತು. ಹೇಳಲಿಲ್ಲ.

"ಅಯ್ಯಯ್ಯೋ! ನಲ್ಲೀಲಿ ಮೀನು ಬರ್ತಿದೆ!"

ಬಚ್ಚಲಿನಿಂದ, ಸ್ನಾನಕ್ಕೆ ಹೋಗಿದ್ದ ಅತ್ತೆಯ ಕೂಗು. ಮರುಕ್ಷಣವೇ ಇನ್ನೂ ದೊಡ್ಡ ಕೂಗು: "ಅಯ್ಯೋ, ಇದು ನಮ್ಮದೇ ಮೀನು!"

ಸೀರೆಯನ್ನು ಹೇಗೋ ಸುತ್ತಿಕೊಂಡು, ಚೊಂಬಿನಲ್ಲಿ ಮೀನು ಹಿಡಿದು ಅತ್ತೆ ಹೊರಬಂದಾಗ ಅವರ ಮುಖ ನೋಡುವ ಧೈರ್ಯ ಅಳಿಯನಿಗಿರಲಿಲ್ಲ. ಮೀನು ತೊಟ್ಟಿಗೆ ಮರಳಿತು.

"ಹೆದರಿಬಿಟ್ಟಿದೆ ಪಾಪ. ಆ ಕರ್ಟನ್ ಎಳಿಯೇ," ಎಂದರು ಅತ್ತೆ ಮಗಳಿಗೆ.

ಕರ್ಟನ್ ಎಳೆದದ್ದೇ ತಡ, ಡಿಸ್‌ಪ್ಲೇ ಜೀವ ತಳೆಯಿತು!

"ನೋಡಿದ್ರಾ? ಲೀಕ್ ಹಿಡಿದುಬಿಟ್ಟೆ!" ಅಳಿಯಂದಿರು ಕುಣಿದಾಡಿದರು.

ಹೆಂಡತಿ ಮೀನಿನ ಪುನರಾಗಮನದ ಫೋಟೋ ತೆಗೆದಳು. ಫ್ಲಾಶ್ ಮಿಂಚಿತು, ಅಂಕಿಗಳು ಮಾಯವಾದವು, ಮೆಲ್ಲಗೆ ಮರಳಿದವು. ಇನ್ನೊಂದು ಫೋಟೋ. ಮತ್ತೆ ಅದೇ ಕತೆ.

"ಏನ್ರೀ, ನಿಮ್ಮ ಯಂತ್ರಕ್ಕೆ ಫೋಟೋ ಅಂದ್ರೆ ನಾಚಿಕೆನಾ?"

ಅಳಿಯಂದಿರು ಬೆಚ್ಚಿ ಡಿಸ್‌ಪ್ಲೇಯನ್ನು ತಿರುಗಿಸಿ ನೋಡಿದರು. ಅದರ ಗಾಜಿನ ಅಂಚಿಗೆ ಅಂಟಿದ, ಅಂಕಿ ಮೂಡಿಸುವ ಪುಟ್ಟ ಎಲೆಕ್ಟ್ರಾನಿಕ್ ಚಿಪ್, ಮೈಮೇಲೆ ಹೊದಿಕೆಯಿಲ್ಲದೆ ಬೆತ್ತಲೆ! ಜೋರು ಬೆಳಕು ಬಿದ್ದರೆ ಅದರ ತಲೆ ಕೆಡುತ್ತಿತ್ತು.

"ಅಂದ್ರೆ, ನೀವೇ ಟಾರ್ಚ್ ಬಿಟ್ಟು ಕೊಲ್ಲೋದು, ಆಮೇಲೆ ಅದೇ ಟಾರ್ಚ್ ಬಿಟ್ಟು ಯಾಕೆ ಸತ್ತಿದೆ ಅಂತ ಹುಡುಕೋದು!" ಎಂದಳು ಹೆಂಡತಿ.

"ತಾಂತ್ರಿಕವಾಗಿ... ಹೂಂ."

ಚಿಪ್‌ಗೆ ಕಪ್ಪು ಟೇಪಿನ ಅಂಗಿ ತೊಡಿಸಿದ್ದಾಯಿತು. ಕರ್ಟನ್ ಸರಿಸಿದರೂ, ಟಾರ್ಚ್ ಬಿಟ್ಟರೂ ಅಂಕಿ ಅಲುಗಲಿಲ್ಲ. "ಇನ್ನು ಸೂರ್ಯನೇ ಮನೆಗೆ ಬಂದ್ರೂ ಇದು ಜಗ್ಗಲ್ಲ!" ಎಂದು ಗರ್ಜಿಸಿ, ಆಗ ಮೊದಲ ಬಾರಿಗೆ ಅಂಕಿಯನ್ನು ಓದಿದರು. ಹದಿನೆಂಟು ಡಿಗ್ರಿ.

"ಛೆ, ಇಪ್ಪತ್ತಾರು ಇರಬೇಕಿತ್ತು! ಸೆನ್ಸರ್ ಸುಳ್ಳು ಹೇಳ್ತಿದೆ," ಎಂದು ಮತ್ತೆ ಸ್ಕ್ರೂಡ್ರೈವರ್ ಎತ್ತಿಕೊಂಡರು.

ಅತ್ತೆ ಬಗ್ಗಿ ನೀರಿಗೊಂದು ಬೆರಳು ಅದ್ದಿದರು. ಮೀನು ಆಗಲೇ ಒಂದು ಮಗ್ಗುಲಿಗೆ ವಾಲುತ್ತಿತ್ತು.

"ಪಾಪ, ಅದು ನಿಜಾನೇ ಹೇಳ್ತಿದೆ ಅಳಿಯಂದ್ರೇ," ಎಂದರು. "ಹೀಟರ್ ಸ್ವಿಚ್ ಹಾಕಿ."