ಹಿಮದ ರಾಶಿ, ಮೊದಲ ರೊಟ್ಟಿ

ನಮ್ಮ ಮುತ್ತಜ್ಜ ಕರಿವೀರಪ್ಪ ಕೆಸರಿನಲ್ಲಿ ಹೂತ ಬಂಡಿಯ ಎತ್ತು ಬಿಚ್ಚಿ, ನೊಗಕ್ಕೆ ತಾನೇ ಹೆಗಲು ಕೊಟ್ಟು ಎಳೆದವನು. ಅಜ್ಜ ಸಂಗಪ್ಪ ಕಣದಲ್ಲಿ ಜೋಳದ ರಾಶಿ ಹಾಕಿದರೆ ತುದಿಯಲ್ಲಿಟ್ಟ ನಿಂಬೆಹಣ್ಣು ಉರುಳುತ್ತಿರಲಿಲ್ಲ. ಅಪ್ಪ ವಿರುಪಾಕ್ಷಪ್ಪ ಬೈದರೆ ಗಾಳಿಯೇ ದಿಕ್ಕು ಬದಲಿಸುತ್ತಿತ್ತಂತೆ! ಇಂಥ ವಂಶದ ಕುಡಿ, ಶಾಲೆಯ ಮೆಟ್ಟಿಲು ಹತ್ತದೆ ಅಂಗಡಿ ಬೋರ್ಡು ಓದಿ ಅಕ್ಷರ ಕಲಿತ ರುದ್ರಪ್ಪನಾದ ನಾನು, ಒಂದಿಷ್ಟು ಹಿಮಕ್ಕೆ ಹೆದರುವುದುಂಟೆ?

ಹೆದರಲಿಲ್ಲ. ಉರಿದೆ! ಹಿಮದಲ್ಲಿ ನಿಂತು ಉರಿದ ಮೊದಲ ಮನುಷ್ಯ ನಾನೇ ಇರಬೇಕು. ಕಾರಣ, ಮೋರಿಸ್.

ಮೆಲ್ಬರ್ನ್‌ನ ಬಾಕ್ಸ್ ಹಿಲ್‌ನಲ್ಲಿರುವ ಮಗಳು ಶ್ರೀವಿದ್ಯಾ ಚಳಿಗಾಲದ ರಜೆಗೆ ನಮ್ಮನ್ನು ಬೆಟ್ಟದ ಕಡೆಯ ಹಳ್ಳಿಮನೆಯೊಂದಕ್ಕೆ ಕರೆದೊಯ್ದಳು. ಅವಳ ಗೆಳತಿ ಫ್ಲೇವಿಯಾ ಸಿಡ್ನಿಯಿಂದ ಬಂದಳು. ಜೊತೆಗೆ ಅವಳಪ್ಪ, ಮಂಗಳೂರಿನ ಮೋರಿಸ್. ವಯಸ್ಸು ನನ್ನದೇ, ಬೆನ್ನು ಮಾತ್ರ ಹೊಸ ಕೊಡೆಯ ಕೋಲು! ಬಂದ ಸಂಜೆಯೇ ಕಾರಿನ ಚಕ್ರಗಳಿಗೆ ಹಿಮದಲ್ಲಿ ಜಾರದಂತೆ ಸರಪಳಿ ಬಿಗಿದುಬಿಟ್ಟ. ನನ್ನ ಹೆಂಡತಿ ನೀಲಾಂಬಿಕಾ ಕಣ್ಣರಳಿಸಿದಳು.

"ಮೋರಿಸ್ ಅಣ್ಣಾರ ಕೈಚಳಕ ನೋಡ್ರಿ! ನೀವು ಇನ್ನೂ ಯಾವ ಕೈಗವಸು ಯಾವ ಕೈದು ಅಂತ ಹುಡುಕಾಕತ್ತೀರಿ!"

ಅಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಊಟಕ್ಕೆ ಕೂತಾಗ ಹಂಚಿನಿಂದಿಳಿದ ಮೊದಲ ರೊಟ್ಟಿ ಅವನ ತಟ್ಟೆಗೆ ಬಿತ್ತು! ಮದುವೆಯಾದಂದಿನಿಂದ ಮೊದಲ ರೊಟ್ಟಿ ನನ್ನದು. ಅವನದರ ಮೇಲೆ ಬೆಣ್ಣೆ ಬೇರೆ!

"ಎಂತ ರುಚಿ ಮಾರಾಯ್ರೆ!" ಎಂದ ಮೋರಿಸ್. ನನ್ನ ಗಂಟಲಲ್ಲಿ ಎರಡನೆಯ ರೊಟ್ಟಿ ಮುತ್ತಜ್ಜನ ಬಂಡಿಯಂತೆ ಹೂತುಹೋಯಿತು.

ಬೆಳಗಾದರೆ ಅಂಗಳದಲ್ಲಿ ಮೊಣಕಾಲುದ್ದ ಹಿಮ. ಮೋರಿಸ್ ಏಳುವ ಮೊದಲೇ ಸಲಿಕೆ ಹಿಡಿದೆ. ಮಂಕಿ ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದು, ಗಾಳಿಗೆ ಬೆನ್ನು ಕೊಟ್ಟು, ತಲೆ ಎತ್ತದೆ ತೂರಿದೆ. ಹಿಮವೆಲ್ಲ ಕಟ್ಟಿಗೆಯ ಶೆಡ್ಡಿನ ಮುಂದೆ ಹೋಗಿ ಕೂತಿತು. ಬಡಿದೆ, ಸವರಿದೆ, ಮೇಲೆ ಮೊನೆ ತೆಗೆದೆ. ಆಹಾ, ಏನು ರಾಶಿ! ಅಡುಗೆಮನೆಯಿಂದ ನಿಂಬೆಹಣ್ಣು ತಂದು ತುದಿಗಿಟ್ಟೆ. ಉರುಳಲಿಲ್ಲ!

"ನೀಲಾ, ಬಾ ಇಲ್ಲೆ! ನೋಡು ಬಾ!" ಎಂದು ಕೂಗಿ ಟೋಪಿ ತೆಗೆದೆ.

ಉತ್ತರ ಮನೆಯಿಂದ ಬರಲಿಲ್ಲ. ರಾಶಿಯ ಹಿಂದಿನಿಂದ ಬಂತು.

"ಎಲ್ಲಿಂದ ಬರ್ಲಿ? ಕಟಗಿ ಒಯ್ಯಾಕ ಬಂದು, ಚಳಿ ಅಂತ ಬಾಗಲಾ ಮುಚ್ಚಿದ್ದೆ. ಈಗ ತೆಗೀವಲ್ದು! ಬಡದು ಬಡದು ಕೈ ಸೋತ್ವು. ಕಿವಿ ಊರಾಗ ಬಿಟ್ಟು ಬಂದೀರೇನು?"

ಶೆಡ್ಡಿನ ಬಾಗಿಲು ಹೊರಗೆ ತೆರೆಯುವಂಥದ್ದು. ನನ್ನ ವಂಶದ ಕೀರ್ತಿಯೆಲ್ಲ ಅದಕ್ಕೇ ಒರಗಿ ನಿಂತಿತ್ತು!

ಅಗೆಯತೊಡಗಿದೆ. ನಾನೇ ಬಡಿದು ಗಟ್ಟಿಮಾಡಿದ ರಾಶಿ, ಜಪ್ಪಯ್ಯ ಅನ್ನಲಿಲ್ಲ. ಅಷ್ಟರಲ್ಲಿ ಮೋರಿಸ್ ಬಂದ. ನೋಡಿದ. ನಗಲಿಲ್ಲ, ಅದೇ ನನಗೆ ಇನ್ನಷ್ಟು ಉರಿಯಿತು! ಒಳಗೆ ಹೋಗಿ ಚಹಾ ಮಾಡಿ ತಂದು, ಶೆಡ್ಡಿನ ಹಿಂದಿನ ಪುಟ್ಟ ಕಿಟಕಿಯಿಂದ ಅವಳಿಗೆ ಕೊಟ್ಟ.

"ಶುಂಠಿ ಹಾಕೀರೇನ್ರಿ ಅಣ್ಣಾರ? ಭಾಳ ಛಲೋ ಆಗೇತಿ!" ಒಳಗಿನಿಂದ ನಗು. "ನಮ್ಮ ಮನ್ಯಾಗ ಇಷ್ಟ ವರ್ಷದಾಗ ನನಗ ಒಂದಿನಾನೂ ಯಾರೂ ಚಹಾ ಮಾಡಿ ಕೊಟ್ಟಿಲ್ರಿ."

ಸಲಿಕೆ ನನ್ನ ಕೈಯಲ್ಲೇ ನಿಂತಿತು.

ಮೋರಿಸ್ ಇನ್ನೊಂದು ಸಲಿಕೆ ಹಿಡಿದು ಪಕ್ಕಕ್ಕೆ ಬಂದ. "ರುದ್ರಪ್ಪಣ್ಣ, ಸ್ವಲ್ಪ ಅತ್ಲಾಗೆ ನಿಲ್ಲಿ ಮಾರಾಯ್ರೆ. ಇಬ್ರು ಸೇರಿದ್ರೆ ಬೇಗ ಆಗ್ತದೆ."

"ಬ್ಯಾಡ್ರಿ ಮೋರಿಸ್! ನಾ ಹಾಕಿದ ರಾಶಿ, ನಾನ ತೆಗೀತೀನಿ. ಚಹಾ ಮಾಡೋದನ್ನೂ ನಾನ ಕಲೀತೀನಿ. ನೀವು ಆ ಕಿಡಕಿ ಕಡೆ ಮಾತ್ರ ಮತ್ತ ಹೋಗಬ್ಯಾಡ್ರಿ!"