ಹಳದಿ ಟೋಪಿ ಮತ್ತು ಹದಿನಾರು ತಲೆ

"ಬರೆದಿಟ್ಟುಕೊಳ್ಳಿ! ಹದಿನಾರು ತಲೆ ಕರ್ಕೊಂಡು ಹೋಗ್ತೀನಿ, ಹದಿನಾರು ತಲೆ ವಾಪಸ್ ತರ್ತೀನಿ. ಒಂದು ಕಮ್ಮಿಯಾದ್ರೂ ನನ್ನ ಮೀಸೆ ಬೋಳಿಸ್ತೀನಿ!"

ಹೀಗೆಂದು ನಾನು ಊಟದ ಹಾಲ್‌ನಲ್ಲಿ ಎದ್ದು ನಿಂತು ಗುಡುಗಿದಾಗ ಮೂರು ಚಮಚ ಕೆಳಗೆ ಬಿದ್ದವು. ಎರಡು ನನ್ನ ಗುಡುಗಿಗೆ ಬಿದ್ದವು, ಮೂರನೆಯದು ಹೇಗೂ ಬೀಳುವುದಿತ್ತು. ನನ್ನ ಹೆಂಡತಿ ತಟ್ಟೆಯಿಂದ ತಲೆ ಎತ್ತದೆ ಕೇಳಿದಳು, "ಮೀಸೆ ಎಲ್ಲಿದೆ?"

"ಬೆಳೆಸಿ ಬೋಳಿಸ್ತೀನಿ!" ಎಂದೆ. ಸಿಟ್ಟು ಬಂದಾಗ ನನಗೆ ಸಣ್ಣಪುಟ್ಟ ವಿವರಗಳು ಕಾಣಿಸುವುದಿಲ್ಲ.

ಸಿಟ್ಟು ಬರದೆ ಇನ್ನೇನು ಬರಬೇಕು, ನೀವೇ ಹೇಳಿ. ನಾವಿರುವುದು ನಿವೃತ್ತರ ವಸತಿಯಲ್ಲಿ. ನಲವತ್ತು ಪುಟ್ಟ ಮನೆ, ಒಂದು ಊಟದ ಹಾಲ್, ಒಂದು ಗೇಟು. ಇಷ್ಟಕ್ಕೂ ಒಡತಿಯಂತೆ ಒಬ್ಬ ಮೇಲ್ವಿಚಾರಕಿ. ಹಿಂದೆ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದವರಾದ್ದರಿಂದ ಅವರನ್ನು ಎಲ್ಲರೂ ಮೇಟ್ರನ್ ಎಂದೇ ಕರೆಯುತ್ತೇವೆ. ತಿಂಗಳ ಮೊದಲ ಶನಿವಾರ ಬೆಳಿಗ್ಗೆ ಇಲ್ಲಿ ಪ್ರಕೃತಿ ನಡಿಗೆ. ಗೇಟಿನಿಂದ ಹೊರಟು, ಕೊಳದ ಪಕ್ಕ ಹಾದು, ತೋಪು ಸುತ್ತಿ ವಾಪಸ್. ಹೊರಡುವವರಿಗೆಲ್ಲ ಮೇಟ್ರನ್ ಟೋಪಿ ಕೊಡುತ್ತಾರೆ. ಬಿಳಿ ಟೋಪಿ ಎಂದರೆ ಸ್ವತಂತ್ರವಾಗಿ ಓಡಾಡುವವರು. ಹಳದಿ ಟೋಪಿ ಎಂದರೆ ಜೊತೆಗೊಬ್ಬರು ಬೇಕಾದವರು. ಹಳದಿಯವರು ಗೇಟು ದಾಟಬೇಕಾದರೆ ಬಿಳಿಯವರೊಬ್ಬರು ಪಕ್ಕದಲ್ಲಿರಲೇಬೇಕು. ಪೇಪರ್ ತರುವುದಕ್ಕೂ!

ಅಂಥ ಹಳದಿ ಟೋಪಿಯನ್ನು ನನಗೆ ಹಾಕಿದರು. ಯಾರಿಗೆ? ಮೂವತ್ತನಾಲ್ಕು ವರ್ಷ ರೈಲಿನ ಗಾರ್ಡ್ ಆಗಿದ್ದವನಿಗೆ! ನಾನು ಹಸಿರು ಬಾವುಟ ಬೀಸದೆ ಒಂದು ಸಾವಿರ ಜನ ನಿಂತಲ್ಲಿಂದ ಕದಲುತ್ತಿರಲಿಲ್ಲ. ಈಗ ನಾನು ಪೇಪರ್ ತರಬೇಕಾದರೆ ಹೆಂಡತಿಯ ಸ್ನಾನ ಮುಗಿಯಬೇಕು.

ಆದದ್ದಾದರೂ ಏನು? ಹಿಂದಿನ ನಡಿಗೆಯಲ್ಲಿ ನನ್ನ ಶೂ ಲೇಸ್ ಬಿಚ್ಚಿಕೊಂಡಿತು. ಬಗ್ಗಿದೆ. ಕಟ್ಟಿದೆ. ಈ ವಯಸ್ಸಿನಲ್ಲಿ ಬಗ್ಗುವುದಕ್ಕೆ ಒಂದು ನಿಮಿಷ, ಏಳುವುದಕ್ಕೆ ಮೂರು. ಎದ್ದು ನೋಡಿದರೆ ಹದಿನೈದು ಜನ ಮಂಗಮಾಯ! ಮುಂದಾಳು ಗಿಡದ ಮೇಡಂ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದವರು. ದಾರಿಯ ಒಂದೊಂದು ಎಲೆಯನ್ನೂ ಎಣಿಸುತ್ತಾರೆ, ಮನುಷ್ಯರನ್ನು ಎಣಿಸುವುದಿಲ್ಲ. ಬಿಟ್ಟುಹೋದವರು ಅವರು, ಹಳದಿ ಟೋಪಿ ನನಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ ಅಲ್ಲವೇ?

ಇನ್ನೂ ಉರಿಯುವ ಸಂಗತಿಯೆಂದರೆ, ಬಿಟ್ಟುಹೋದ ಹದಿನೈದರಲ್ಲಿ ನನ್ನ ಹೆಂಡತಿಯೂ ಒಬ್ಬಳು.

"ನಾನಿಲ್ಲ ಅಂತ ನಿಂಗೂ ಗೊತ್ತಾಗ್ಲಿಲ್ವಾ?" ಎಂದು ಕೇಳಿದೆ.

"ಮುಂದೆ ಇದೀರಿ ಅಂದ್ಕೊಂಡೆ. ನಾನು ಯಾವಾಗ್ಲೂ ಎಲ್ಲರಿಗಿಂತ ಮುಂದೆ ಅಂತ ನೀವೇ ಹೇಳ್ತಿರ್ತೀರಲ್ಲ."

ಮೇಟ್ರನ್ ಕೋಣೆಗೆ ನುಗ್ಗಿ ನ್ಯಾಯ ಕೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿ, "ನಡಿಗೆಯಲ್ಲಿ ಯಾರು ಕಾಣೆಯಾಗ್ತಾರೋ ಅವರಿಗೆ ಹಳದಿ. ನಿಯಮ ಅಂದ್ರೆ ನಿಯಮ" ಎಂದರು.

"ಹಾಗಾದ್ರೆ ಈ ಸಲ ನಾನೇ ಕರ್ಕೊಂಡು ಹೋಗ್ತೀನಿ. ಹದಿನಾರೂ ತಲೆ ಸರಿಯಾಗಿ ತಂದ್ರೆ?"

"ಅವತ್ತೇ ಬಿಳಿ ಟೋಪಿ. ಒಂದು ಕಮ್ಮಿಯಾದ್ರೆ ಜೀವಮಾನವಿಡೀ ಹಳದಿ. ಒಪ್ಪಿಗೇನಾ?"

ಒಪ್ಪಿದೆ! ಅಲ್ಲಿಂದ ನೇರವಾಗಿ ಊಟದ ಹಾಲ್‌ಗೆ ಬಂದು ಗುಡುಗಿದ್ದು. ಆ ಭಾಗ ನಿಮಗೆ ಆಗಲೇ ಗೊತ್ತಿದೆ.

ಮೂರು ವಾರ ಸಿದ್ಧತೆ ನಡೆಯಿತು. ಟ್ರಂಕಿನ ತಳದಿಂದ ಸೀಟಿ, ಹಸಿರು ಬಾವುಟ, ಕೆಂಪು ಬಾವುಟ ಹೊರಬಂದವು. ವೇಳಾಪಟ್ಟಿ ಬರೆದು ನೋಟಿಸ್ ಬೋರ್ಡಿಗೆ ಅಂಟಿಸಿದೆ. ಆರೂವರೆಗೆ ನಿರ್ಗಮನ. ಕೊಳ, ಆರು ಐವತ್ತೈದು, ನಿಲುಗಡೆ ನಾಲ್ಕು ನಿಮಿಷ. ವಾಪಸ್ ಗೇಟು, ಎಂಟು ಐವತ್ತೆರಡು. ಮಾಜಿ ಬ್ಯಾಂಕ್ ಮ್ಯಾನೇಜರ್ ಅದನ್ನು ಓದಿ, "ಬಾತ್‌ರೂಮಿಗೆ ಎಲ್ಲಿ ನಿಲ್ಸ್ತೀರಿ?" ಎಂದು ಕೇಳಿದರು. ನನ್ನ ಹೆಂಡತಿ ಅದನ್ನು ಓದಿ ಮೂಗು ಮುರಿದಳು. ಅದು ಇನ್ನೂ ಕೆಟ್ಟದ್ದು.

"ಜಂಬದ ಕೋಳಿ ಅಂತ ಮನಸ್ಸಲ್ಲೇ ಅಂದ್ಕೊಂಡೆ ತಾನೇ?" ಎಂದೆ.

"ಮನಸ್ಸಲ್ಲಿ ಯಾಕೆ? ಬಾಯಿ ಬಿಟ್ಟೇ ಅಂತೀನಿ, ತಗೊಳ್ಳಿ."

ಶನಿವಾರ ಬಂತು. ಆರೂವರೆಗೆ ಗೇಟಿನ ಮುಂದೆ ಎಣಿಸಿದೆ. ಎಣಿಸುವಾಗ ತನ್ನನ್ನೇ ಮರೆಯುವ ಪೆದ್ದ ನಾನಲ್ಲ. ಮೊದಲು ನನ್ನ ಎದೆ ಮುಟ್ಟಿಕೊಂಡು 'ಒಂದು' ಎಂದೆ. ಆಮೇಲೆ ಸಾಲಿನುದ್ದಕ್ಕೂ ಬೆರಳು ಓಡಿಸಿದೆ. ಹದಿನಾರು! ಸೀಟಿ ಊದಿದೆ, ಬಾವುಟ ಬೀಸಿದೆ, ಹೊರಟೆವು.

ಮೊದಲ ಬೇಲಿಯ ಹತ್ತಿರವೇ ಗಿಡದ ಮೇಡಂ ನಿಂತುಬಿಟ್ಟರು. ಸೀಟಿ ಊದಿದೆ.

"ಸ್ವಲ್ಪ ಇರಿ, ಇದು ಹೂ ಬಿಡೋದು ವರ್ಷಕ್ಕೆ ಒಂದೇ ಸಲ!"

"ನಾನು ರೈಲು ಬಿಡೋದೂ ಒಂದೇ ಸಲ! ನಡೀರಿ!"

ಆರು ಐವತ್ತೈದಕ್ಕೆ ಸರಿಯಾಗಿ ಕೊಳ. ನನ್ನ ಎದೆ ಉಬ್ಬಿತು. ನಾಲ್ಕು ನಿಮಿಷದಲ್ಲಿ ಮೂರು ಕಳೆದಿತ್ತು. ಆಗ ಹೆಂಡತಿ ಹತ್ತಿರ ಬಂದು, "ಶೂ ಒಳಗೆ ಕಲ್ಲು ಸೇರಿದೆ, ಆ ಬೆಂಚಿನ ಮೇಲೆ ಕೂತು ತೆಗೆದು ಬರ್ತೀನಿ, ಎರಡು ನಿಮಿಷ" ಎಂದಳು.

"ಕಲ್ಲಿಗೆ ವೇಳಾಪಟ್ಟಿಯಲ್ಲಿ ಜಾಗ ಇಲ್ಲ!"

ನನ್ನನ್ನು ಒಂದು ಕ್ಷಣ ದುರುಗುಟ್ಟಿ ನೋಡಿ ಅವಳು ಬೆಂಚಿನ ಕಡೆ ಹೋದಳೋ ಸಾಲಿನ ಕಡೆ ಹೋದಳೋ ನಾನು ನೋಡಲಿಲ್ಲ. ಏಕೆಂದರೆ ಅಷ್ಟರಲ್ಲಿ ಸಾಲಿನ ಆಚೆ ಒಬ್ಬ ವ್ಯಕ್ತಿ ಕೈಚೀಲ ಹಿಡಿದುಕೊಂಡು, ಬಾತುಕೋಳಿ ನೋಡುತ್ತ ಆರಾಮವಾಗಿ ನಿಂತಿರುವುದು ಕಣ್ಣಿಗೆ ಬಿತ್ತು. ತಲೆಯ ಮೇಲೆ ಟೋಪಿಯೂ ಇಲ್ಲ! ಶಿಸ್ತು ಎಂಬುದು ಬೇಡವೇ?

"ಏನ್ರೀ, ಟೋಪಿ ಎಲ್ಲಿ?"

"ಟೋಪಿನಾ? ನಂಗೆ..." ಎಂದು ತೊದಲಿದರು.

ಮರೆತು ಬಂದಿದ್ದಾರೆ, ವಯಸ್ಸು ನೋಡಿ ಎಂದು ಕ್ಷಮಿಸಿದೆ. ಸೀಟಿ ಊದಿ, ಕೆಂಪು ಬಾವುಟದಿಂದ ಸಾಲು ತೋರಿಸಿ, "ಮೊದಲು ಸಾಲಿಗೆ ಬನ್ನಿ!" ಎಂದು ಗದರಿದೆ. ಪಾಪ, ತೆಪ್ಪಗೆ ಬಂದು ನಿಂತರು. ಎಣಿಸಿದೆ. ಹದಿನಾರು! ಇಲ್ಲಿ ನಿಮಗೊಂದು ವೃತ್ತಿ ರಹಸ್ಯ ಹೇಳಬೇಕು. ಗಾರ್ಡ್ ಆದವನು ಡಬ್ಬಿ ಎಣಿಸುತ್ತಾನೆ. ಒಳಗೆ ಯಾರು ಕೂತಿದ್ದಾರೆ ಎಂದು ಇಣುಕಿ ನೋಡುವುದಿಲ್ಲ.

ಕೊಳ ದಾಟಿ ಐದು ನಿಮಿಷ ನಡೆದರೆ ದಾರಿ ಎರಡಾಗುತ್ತದೆ. ಅಲ್ಲಿ ನನ್ನ ಕಾಲು ನಿಂತವು. ಮೂವತ್ತನಾಲ್ಕು ವರ್ಷ ನಾನು ರೈಲಿನ ಹಿಂದಿನ ಡಬ್ಬಿಯಲ್ಲಿ ಕೂತವನು. ಡ್ರೈವರ್ ಮುಂದೆ ನೋಡುತ್ತಿದ್ದ, ನಾನು ಹಿಂದೆ ನೋಡುತ್ತಿದ್ದೆ. ಹಳಿ ಎತ್ತ ತಿರುಗಿದರೆ ಅತ್ತ ನಾನೂ ತಿರುಗುತ್ತಿದ್ದೆ. ಎಡವೋ ಬಲವೋ ಎಂದು ನನ್ನನ್ನು ಯಾರೂ ಒಂದು ದಿನವೂ ಕೇಳಿದ್ದಿಲ್ಲ! ಹಿಂದೆ ಹದಿನೈದು ಜನ ಏದುಸಿರು ಬಿಡುತ್ತಾ ನಿಂತಿದ್ದರು. ಗೊತ್ತಿಲ್ಲ ಎಂದು ಹೇಳುವುದಕ್ಕಿಂತ ಸಾಯುವುದು ಮೇಲು. ಎಡಕ್ಕೆ ಬಾವುಟ ಬೀಸಿದೆ.

"ಬಲಕ್ಕಲ್ವಾ?" ಎಂದರು ಗಿಡದ ಮೇಡಂ.

"ನಾಯಕ ಯಾರು?" ಎಂದೆ.

ಎಡದ ದಾರಿ ಮೊದಲು ಕಿರಿದಾಯಿತು, ಆಮೇಲೆ ಒದ್ದೆಯಾಯಿತು, ಕೊನೆಗೆ ಒಂದು ದೊಡ್ಡ ಲಾಂಡ್ರಿಯ ಹಿತ್ತಲಿಗೆ ಬಂದು ಮುಗಿಯಿತು. ಎಲ್ಲಿ ನೋಡಿದರೂ ಹಗ್ಗದ ಮೇಲೆ ಒದ್ದೆ ಬೆಡ್‌ಶೀಟುಗಳು. ಹಿಂದೆ ಹೋಗುವುದೇ? ಛೆ! ತಲೆ ತಗ್ಗಿಸಿ ನುಗ್ಗಿದೆವು. ಬ್ಯಾಂಕ್ ಮ್ಯಾನೇಜರ್ ಎರಡು ಹಾಸಿಗೆ ಬಟ್ಟೆಯ ನಡುವೆ ಸಿಕ್ಕಿಕೊಂಡು, "ಯಾರ್ರೀ ದೀಪ ಆರಿಸಿದ್ದು?" ಎಂದು ಕೂಗಿದರು. ಗಿಡದ ಮೇಡಂ ಒಂದು ದಿಂಬಿನ ಚೀಲ ಮುಟ್ಟಿ, "ಇದು ಯಾವ ಜಾತಿ ಅಂತ ಹೇಳ್ಲಾ?" ಎಂದು ನನ್ನನ್ನು ಚುಚ್ಚಿದರು.

ಒಗೆಯುವ ಹೆಂಗಸೊಬ್ಬಳು ಬಕೆಟ್ ಸಮೇತ ಎದುರಾದಳು. "ಅಯ್ಯೋ! ಯಾರು ನೀವೆಲ್ಲ? ಎಲ್ಲಿಗೆ ಹೋಗ್ಬೇಕು?"

"ಪ್ರಕೃತಿ ನೋಡೋಕೆ ಬಂದಿದೀವಿ" ಎಂದೆ, ಆದಷ್ಟು ಗಾಂಭೀರ್ಯದಿಂದ.

"ನನ್ನ ಬೆಡ್‌ಶೀಟೊಳಗಾ?"

ಅವಳೇ ಹೊರಗಿನ ರಸ್ತೆ ತೋರಿಸಿದಳು. ರಸ್ತೆಗೆ ಬಿದ್ದು ಎಣಿಸಿದೆ. ಹದಿನಾರು! ಪ್ರಪಂಚ ಮುಳುಗಿದರೂ ನನ್ನ ಲೆಕ್ಕ ಮುಳುಗುವುದಿಲ್ಲ. ಕೈಚೀಲದವರು ಮಾತ್ರ ಮೆಲ್ಲಗೆ ಹತ್ತಿರ ಬಂದು, "ಸ್ವಾಮಿ, ಇನ್ನೂ ಎಷ್ಟು ದೂರ ಹೋಗ್ಬೇಕು ನಾನು?" ಎಂದು ಕೇಳಿದರು. "ಮಾತು ಬೇಡ, ಸಾಲು ಬಿಡ್ಬೇಡಿ" ಎಂದೆ. ಬಿಡಲಿಲ್ಲ. ಆ ಹದಿನಾರರಲ್ಲಿ ಒಂದೇ ಒಂದು ಮಾತಿಗೂ ಎದುರಾಡದವರು ಅವರೊಬ್ಬರೇ.

ಎಂಟು ಐವತ್ತೆರಡಕ್ಕೆ ಗೇಟು! ಮೇಟ್ರನ್ ಬಿಳಿ ಟೋಪಿ ಕೈಯಲ್ಲಿ ಹಿಡಿದೇ ನಿಂತಿದ್ದರು. ನಾನು ಹಳದಿ ಟೋಪಿ ಕಿತ್ತೆಸೆದು ತಲೆ ಮುಂದೊಡ್ಡಿದೆ.

"ಎಣಿಸಿ!"

ಎಣಿಸಿದರು. "ಹದಿನಾರು. ಸರಿಯಾಗಿದೆ." ಟೋಪಿ ನನ್ನ ತಲೆಯ ಹತ್ತಿರ ಬಂತು. ಅಲ್ಲೇ ನಿಂತಿತು. ಹಾಳಾದ ನರ್ಸ್ ಬುದ್ಧಿ! ಅವರು ತಲೆಗಳ ಜೊತೆ ಮುಖಗಳನ್ನೂ ನೋಡುತ್ತಾರೆ.

"ಹನ್ನೆರಡನೇ ಮನೆಯ ಅಮ್ಮ ಎಲ್ಲಿ?"

ಹನ್ನೆರಡನೇ ಮನೆ ನಮ್ಮದು.

ತಿರುಗಿ ನೋಡಿದೆ. ಗಿಡದ ಮೇಡಂ ಇದ್ದಾರೆ, ಬ್ಯಾಂಕ್ ಮ್ಯಾನೇಜರ್ ಇದ್ದಾರೆ, ಎಲ್ಲರೂ ಇದ್ದಾರೆ. ನನ್ನ ಹೆಂಡತಿ ಇಲ್ಲ.

"ಮತ್ತೆ ಇವರು ಯಾರು?" ಎಂದು ಮೇಟ್ರನ್ ಕೈಚೀಲದವರತ್ತ ಬೆರಳು ತೋರಿಸಿದರು.

"ನಾನು ಹಾಲು ತರೋಕೆ ಬಂದಿದ್ದೆ ತಾಯಿ" ಎಂದರು ಅವರು, ಅಳುವುದೊಂದೇ ಬಾಕಿ. "ಕೊಳದ ಹತ್ರ ಬಾತುಕೋಳಿ ನೋಡ್ತಿದ್ದೆ. ಇವರು ಸೀಟಿ ಊದಿದ್ರು. ಕೆಂಪು ಬಾವುಟ ತೋರಿಸಿ ಗದರಿದ್ರು. ಏನೋ ಸರ್ಕಾರಿ ಕೆಲಸ ಇರ್ಬೇಕು ಅಂತ ಹೆದರಿ ಬಂದುಬಿಟ್ಟೆ. ಮನೇಲಿ ಕಾಯ್ತಿರ್ತಾರೆ."

ಹದಿನಾಲ್ಕು ಜನ ನಗಲು ಶುರು ಮಾಡಿದರು. ನನಗೆ ಅವರ ನಗು ಕೇಳಿಸಲಿಲ್ಲ. ಕೊಳದ ಪಕ್ಕದ ಬೆಂಚು ಕಣ್ಣ ಮುಂದೆ ಬಂತು. ಆ ಬೆಂಚಿನಿಂದ ನೀರು ಹತ್ತೇ ಹೆಜ್ಜೆ. ಟೋಪಿ ಯಾವ ಬಣ್ಣದ್ದಾದರೇನು? ಎರಡು ನಿಮಿಷ ಕೇಳಿದ್ದಳು, ಕೊಡಲಿಲ್ಲ ನಾನು. ಬಾವುಟ ಬಿಸಾಡಿ ಓಡಿದೆ. ಓಡಿದೆ ಎಂದರೆ ನನ್ನ ಮಂಡಿ ಒಪ್ಪುವಷ್ಟು ಓಡಿದೆ.

ಹೆಚ್ಚು ದೂರ ಓಡಬೇಕಾಗಲಿಲ್ಲ. ಬೇಲಿಯ ತಿರುವಿನಲ್ಲೇ ನಿಧಾನವಾಗಿ ನಡೆದುಬರುತ್ತಿದ್ದಳು. ಒಂದು ಕೈಯಲ್ಲಿ ಬ್ಯಾಂಕ್ ಮ್ಯಾನೇಜರ್ ಅವರ ಮಫ್ಲರ್, ಇನ್ನೊಂದರಲ್ಲಿ ಗಿಡದ ಮೇಡಂ ಕನ್ನಡಕ, ಕಂಕುಳಲ್ಲಿ ಯಾರದೋ ನೀರಿನ ಬಾಟಲಿ.

"ಎಲ್ಲಿ ಹೋಗಿದ್ದೆ?" ಎಂದು ಕೇಳುವಾಗ ನನ್ನ ದನಿ ನಡುಗುತ್ತಿತ್ತು. ಸಿಟ್ಟಿಗೆ ಎಂದು ಅವಳಿಗೆ ಅನಿಸಲಿ ಎಂದು ಸ್ವಲ್ಪ ಜೋರು ಮಾಡಿದೆ.

"ಎಲ್ಲೂ ಹೋಗಿಲ್ಲ, ನಿಮ್ಮ ಹಿಂದೇನೇ ಇದ್ದೆ. ನೀವೆಲ್ಲ ಬೀಳಿಸ್ತಾ ಹೋದ್ರಿ, ನಾನು ಹೆಕ್ಕುತ್ತಾ ಬಂದೆ. ಆ ಲಾಂಡ್ರಿಯವಳ ಹತ್ರ ಬೈಸ್ಕೊಂಡಿದ್ದೂ ನಾನೇ. ಮೂವತ್ತನಾಲ್ಕು ವರ್ಷ ಹಿಂದೆ ನೋಡೋಕೇ ಸಂಬಳ ತಗೊಂಡ್ರಲ್ಲ, ಇವತ್ತು ಒಂದು ಸಲ ತಿರುಗಿ ನೋಡೋಕೆ ಏನಾಗಿತ್ತು?"

ಅವಳ ಕಂಕುಳಿನ ಬಾಟಲಿ ತೆಗೆದು ನಾನು ಹಿಡಿದುಕೊಂಡೆ. ಆದರೆ ಅವಳು ಕ್ಷೇಮವಾಗಿದ್ದಾಳೆಂದು ಖಾತ್ರಿಯಾದ ಕೂಡಲೇ ನನ್ನ ಸಿಟ್ಟು ಮನೆಗೆ ವಾಪಸ್ ಬಂದಿತ್ತು. ಗೇಟಿಗೆ ಬಂದವನೇ ಮೇಟ್ರನ್‌ಗೆ ಸವಾಲು ಹಾಕಿದೆ.

"ಕಾಣೆಯಾದವರಿಗೆ ಹಳದಿ ಅಂತ ತಾನೇ ನಿಮ್ಮ ನಿಯಮ? ಇವತ್ತು ಕಾಣೆಯಾಗಿದ್ದು ನಾನಲ್ಲ, ಇವಳು! ಈಗ ಮಾಡಿ ನ್ಯಾಯ!"

"ಆಗ್ಲಿ. ನಿಯಮ ಅಂದ್ರೆ ನಿಯಮ" ಎಂದರು ಮೇಟ್ರನ್. "ಒಂದು ತಲೆ ಕಮ್ಮಿ ತಂದಿದ್ದಕ್ಕೆ ನಿಮಗೆ ಹಳದಿ. ಕಾಣೆಯಾಗಿದ್ದಕ್ಕೆ ಅವರಿಗೂ ಹಳದಿ."

ಗೆದ್ದೆ ಎಂದುಕೊಂಡೆ. ಆ ಗೆಲುವು ಎಷ್ಟು ಹೊತ್ತು ಇತ್ತೆಂದರೆ, ನನ್ನ ಹೆಂಡತಿ ಹಳದಿ ಟೋಪಿ ಹಾಕಿಕೊಂಡು ನನ್ನತ್ತ ತಿರುಗುವವರೆಗೆ.

"ಜಾಣರು! ನಿಮ್ಮ ಜೊತೆಗಿದ್ದ ಬಿಳಿ ಟೋಪಿ ನಂದೊಂದೇ ಆಗಿತ್ತು. ನಾಳೆ ಪೇಪರ್ ತರೋಕೆ ಯಾರ ಜೊತೆ ಹೋಗ್ತೀರಿ?" ಎಂದು ನನ್ನ ಅಂಗೈ ಬಿಡಿಸಿ, ಅದರಲ್ಲಿ ಶೂ ಒಳಗಿನ ಕಲ್ಲನ್ನು ಇಟ್ಟಳು. "ತಗೊಳ್ಳಿ. ನಿಮ್ಮ ಕಾಲ ಮೇಲೆ ನೀವೇ ಹಾಕ್ಕೊಂಡಿದ್ದು ಸಾಲದಿದ್ರೆ ಇದೂ ಇರ್ಲಿ."

ಇವರಿಬ್ಬರ ಜೊತೆ ಯಾರು ಹೋಗ್ತೀರಿ ಎಂದು ಮೇಟ್ರನ್ ಬಿಳಿ ಟೋಪಿಯವರನ್ನು ಕೇಳಿದರು. ಬ್ಯಾಂಕ್ ಮ್ಯಾನೇಜರ್‌ಗೆ ಮಂಡಿನೋವು. ಗಿಡದ ಮೇಡಂ, "ನಾನಂತೂ ಬರಲ್ಲ, ಸೀಟಿ ಊದ್ತಾರೆ" ಎಂದರು. ಉಳಿದವರೆಲ್ಲ ಇದ್ದಕ್ಕಿದ್ದಂತೆ ಆಕಾಶ ನೋಡತೊಡಗಿದರು. ಪ್ರಕೃತಿಯ ಮೇಲೆ ಎಂಥ ಪ್ರೀತಿ!

ಆಗ ಹಿಂದಿನಿಂದ ಒಂದು ಕೈಚೀಲ ಮೇಲೆದ್ದಿತು. "ತಾಯಿ, ನಾನು ಪಕ್ಕದ ರಸ್ತೆಯವನು. ದಿನಾ ಬೆಳಿಗ್ಗೆ ಈ ಕಡೆ ಹಾಲಿಗೆ ಬರ್ತೀನಿ. ಬೇಕಾದ್ರೆ ಇವರಿಬ್ಬರನ್ನೂ ಕರ್ಕೊಂಡು ಹೋಗಿ ಬರ್ತೀನಿ. ನಂಗೂ ನಡಿಗೆ ಚೆನ್ನಾಗಿತ್ತು."

ಮೇಟ್ರನ್ ಮುಖ ಅರಳಿತು. ನನಗೆಂದು ತಂದಿದ್ದ ಬಿಳಿ ಟೋಪಿಯನ್ನು, ನನ್ನ ಕಣ್ಣೆದುರೇ, ಅವರ ತಲೆಗೆ ಹಾಕಿದರು. "ಹೇಳಿದಲ್ಲಿ ನಿಂತು, ಹೇಳಿದಲ್ಲಿ ನಡೆದವರು ಇವರೊಬ್ಬರೇ" ಎಂದರು. ಅಷ್ಟಕ್ಕೇ ಬಿಟ್ಟರೇ? ನನ್ನ ಕೊರಳಿನಿಂದ ಸೀಟಿ ಕಳಚಿ ಅದನ್ನೂ ಅವರಿಗೇ ಕೊಟ್ಟರು.

ಮೊನ್ನೆ ಮತ್ತೆ ಮೊದಲ ಶನಿವಾರ. ಮುಂದೆ ಗಿಡದ ಮೇಡಂ, ಹಿಂದೆ ಹಳದಿ ಟೋಪಿಯ ನಾವಿಬ್ಬರು, ನಮ್ಮಿಬ್ಬರ ನಡುವೆ ನಾನೇ ಗದರಿ ಹಿಡಿದು ತಂದ ಆ ಮಹಾನುಭಾವ. ನನ್ನ ಹೆಂಡತಿಯ ಜೊತೆ ಬಾತುಕೋಳಿಗಳ ಬಗ್ಗೆ ಅದೇನು ಮಾತೋ! ಕೊಳದ ಹತ್ತಿರ ನನ್ನ ಶೂ ಲೇಸ್ ಬಿಚ್ಚಿಕೊಂಡಿತು. ಬಗ್ಗಿದೆ. ಬಗ್ಗುವುದಕ್ಕೆ ಒಂದು ನಿಮಿಷ ಆಗಿತ್ತಷ್ಟೇ, ಕಿವಿಯ ಪಕ್ಕದಲ್ಲೇ ನನ್ನದೇ ಸೀಟಿ ಕಿರ್ರೆಂದಿತು. ತಲೆ ಎತ್ತಿದರೆ ಮೇಲೆ ಬಿಳಿ ಟೋಪಿ.

"ಏಳಿ ಸ್ವಾಮಿ, ಲೇಸಿಗೆ ವೇಳಾಪಟ್ಟಿಯಲ್ಲಿ ಜಾಗ ಇಲ್ವಂತೆ. ನಿಮ್ಮ ಮನೆಯವರು ಹೇಳ್ಕೊಟ್ಟಿದಾರೆ!"