ಹುಳುವಿಗೆ ಪರದೆ, ಮಗುವಿಗೆ ಬೀಸಣಿಗೆ

ಇವತ್ತು ಅಂಗಳ ಗುಡಿಸಿದೆ, ಹಾಲು ಕಾಯಿಸಿದೆ, ಹಿಪ್ಪುನೇರಳೆ ಸೊಪ್ಪು ತಂದು ರೇಷ್ಮೆ ಹುಳುಗಳಿಗೆ ಹಾಕಿದೆ, ಮೊಮ್ಮಗನಿಗೆ ನೀರು ಹಾಕಿದೆ, ಹುಳುಗಳ ಕಸ ತೆಗೆದೆ, ಮತ್ತೆ ಸೊಪ್ಪು ಹಾಕಿದೆ. ಇವುಗಳ ಮಧ್ಯೆ ಸೊಳ್ಳೆ ಹೊಡೆದದ್ದನ್ನು ಮಾತ್ರ ನಮ್ಮ ಮನೆಯಲ್ಲಿ ಯಾರೂ ಕೆಲಸವೆಂದು ಒಪ್ಪುವುದಿಲ್ಲ. ನನ್ನ ಮೊದಲ ಸಿಟ್ಟು ಅದು.

ಎರಡನೆಯದು ಇನ್ನೂ ದೊಡ್ಡದು. ಮುಳ್ಳೂರಿನ ನಮ್ಮ ನಡುಮನೆಯಲ್ಲೇ ಹುಳು ಸಾಕುತ್ತೇವೆ. ಹುಳುವಿದ್ದ ಮನೆಯಲ್ಲಿ ಸೊಳ್ಳೆಬತ್ತಿ ಹಚ್ಚುವಂತಿಲ್ಲ, ಸ್ಪ್ರೇ ಹೊಡೆಯುವಂತಿಲ್ಲ, ಬೇವಿನ ಹೊಗೆಯೂ ಕೂಡದು. ಸೊಳ್ಳೆಗಿಂತ ಮೊದಲು ಹುಳು ಸತ್ತಿರುತ್ತದೆ. ಈ ಸಂಗತಿ ಸೊಳ್ಳೆಗಳಿಗೂ ಗೊತ್ತು ಅಂತ ಕಾಣುತ್ತೆ, ಅಷ್ಟು ಧೈರ್ಯ ಅವಕ್ಕೆ. ಊಜಿ ನೊಣ ಬಂದು ಹುಳುಗಳ ಮೇಲೆ ಮೊಟ್ಟೆ ಇಡದಿರಲೆಂದು ನಮ್ಮ ಯಜಮಾನರು ಹುಳು ಸಾಕುವ ತಟ್ಟೆಗಳ ಸುತ್ತ ನೈಲಾನ್ ಪರದೆ ಕಟ್ಟಿದ್ದಾರೆ. ಒಳಗೆ ಹುಳುಗಳು ಬೀಗರ ಔತಣಕ್ಕೆ ಕೂತವರ ಹಾಗೆ ಮೇಯುತ್ತಿರುತ್ತವೆ. ಹೊರಗೆ ನಾವು ನಮ್ಮ ಕೆನ್ನೆಗೆ ನಾವೇ ಬಾರಿಸಿಕೊಳ್ಳುತ್ತಿರುತ್ತೇವೆ.

ಮಗಳು ಯಳಂದೂರಿನಿಂದ ಕೈಗೂಸನ್ನು ಎತ್ತಿಕೊಂಡು ಬಂದು ಇನ್ನೂ ವಾರವಾಗಿಲ್ಲ. ಎಷ್ಟು ಬೀಸಣಿಗೆ ಬೀಸಿದರೂ ಮಗುವಿನ ಕೆನ್ನೆ ತುಂಬ ಕೆಂಪು ದದ್ದು. "ಅವ್ವ, ಬತ್ತಿ ಅಚ್ಚು. ಇಲ್ಲಾಂದ್ರೆ ನಾಳೆ ಬಸ್ಸಿಗೆ ನಮ್ಮನೆಗೆ ಓಯ್ತೀನಿ" ಎಂದಳು. ಹೋಗುವೆನೆಂದದ್ದಕ್ಕಿಂತ ಆ 'ನಮ್ಮನೆ' ನನಗೆ ಹೆಚ್ಚು ಚುಚ್ಚಿತು. ಯಜಮಾನರು ತಲೆಯೆತ್ತದೆ, "ಉಳ ಗೂಡು ಕಟ್ಟೋಗಂಟ ತಾಳವ್ವ" ಎಂದರು. "ಅಪ್ಪಯ್ಯ, ನಿಂಗೆ ಮೊಮ್ಮಗ ಎಚ್ಚೋ ಉಳ ಎಚ್ಚೋ?" ಯಜಮಾನರು ಸೊಪ್ಪು ತರಲು ಎದ್ದುಹೋದರು. ಮಗಳು ಬ್ಯಾಗಿಗೆ ಬಟ್ಟೆ ತುಂಬತೊಡಗಿದಳು.

ಸಿಟ್ಟು ತೀರಿಸಿಕೊಳ್ಳಲು ನನಗೆ ಉಳಿದದ್ದು ಪಕ್ಕದ ಮನೆಯ ಸಾಕಮ್ಮ. ಅವಳ ಬಚ್ಚಲ ನೀರು ಎರಡು ಮನೆಗಳ ನಡುವೆ ನಿಲ್ಲುತ್ತದೆ. ಹುಳು ತಿಂದುಳಿದ ಸೊಪ್ಪನ್ನು ತನ್ನ ಮೇಕೆಗಳಿಗೆ ಒಯ್ಯಲು ಬಂದವಳನ್ನು ಬಾಗಿಲಲ್ಲೇ ಹಿಡಿದೆ. "ನಿನ್ನ ಬಚ್ಚಲ ದೆಸೆಯಿಂದ ನನ್ನ ಮಗಳು ಗಂಡನ ಮನೆಗೆ ಹೊರಟವ್ಳೆ ಕಣಮ್ಮಿ!" ಎಂದು ಇಷ್ಟು ದಿನದ್ದನ್ನೆಲ್ಲ ಸುರಿದೆ. ಸಾಕಮ್ಮ ನನ್ನನ್ನು ದಾಟಿ ಒಳಬಂದಳು. ಸೊಪ್ಪು ಬಾಚಲು ಬಗ್ಗಿದವಳು ತಟ್ಟೆ ಸ್ಟ್ಯಾಂಡಿನ ಕಾಲ ಬಳಿಯೇ ಕುಕ್ಕರಿಸಿದಳು. ಇರುವೆ ಹತ್ತದಿರಲೆಂದು ಒಂದೊಂದು ಕಾಲನ್ನೂ ನೀರಿನ ಬಟ್ಟಲಲ್ಲಿ ನಿಲ್ಲಿಸಿರುತ್ತೇವೆ. ನೀರು ಬತ್ತದ ಹಾಗೆ ನಾನೇ ದಿನವೂ ತುಂಬುತ್ತೇನೆ. ಹಳೆಯದರ ಮೇಲೇ ಹೊಸದು.

"ಅಕ್ಕೋ, ನಮ್ ಬಚ್ಚಲ ಆಮ್ಯಾಕೆ ನೋಡೀರಂತೆ. ಈ ಬಟ್ಲಲ್ಲಿ ಕುಣೀತಾವಲ್ಲ, ಇವು ಯಾರ ಮಕ್ಳು?"

ಬಗ್ಗಿ ನೋಡಿದೆ. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದೆ. ಎಲ್ಲ ಬಟ್ಟಲಲ್ಲೂ ಸೊಳ್ಳೆಮರಿಗಳು ತಲೆಕೆಳಗಾಗಿ ತೂಗುತ್ತಿದ್ದವು. ಸೋರದ, ಬತ್ತದ, ಯಾರೂ ಕದಡದ ತೊಟ್ಟಿಲು!

ಬಟ್ಟಲುಗಳನ್ನು ಬಿಸಿಲಿಗೆ ಸುರಿದು, ತೆಂಗಿನ ನಾರು ಹಿಡಿದು ಉಜ್ಜಿ ಒಣಗಿಸಿದೆ. ಸ್ಟ್ಯಾಂಡಿನ ಕಾಲುಗಳ ಸುತ್ತ ನೀರಿನ ಬದಲು ಬೂದಿ ಹಾಕಿದೆ. ಸಾಕಮ್ಮ ಸೊಪ್ಪಿನ ಹೊರೆ ಹೊತ್ತುಕೊಂಡು, "ನಾಳಿಕ್ಕೆ ನಮ್ ನೀರ್ಗೂ ದಾರಿ ಬುಡಿಸ್ತೀನಿ ಬುಡಿ" ಎಂದು ನಗುತ್ತ ಹೋದಳು. ಸೊಪ್ಪು ತಂದಿಳಿಸಿದ ಯಜಮಾನರು ಅಟ್ಟ ಹತ್ತಿ ಪರದೆಯ ತುಂಡೊಂದನ್ನು ತಂದು ಮಗುವಿನ ತೊಟ್ಟಿಲಿಗೆ ಕಟ್ಟಿದರು. ಇಷ್ಟು ದಿನ ಅದು ಅಲ್ಲೇ ಇತ್ತಂತೆ, ಮುಂದಿನ ಬೆಳೆಗೆ ಬೇಕೆಂದು! ಬೈಯಲು ಬಾಯಿ ತೆರೆದವಳು ಬಟ್ಟಲುಗಳ ನೆನಪಾಗಿ ಮುಚ್ಚಿಕೊಂಡೆ. ಮಗಳು ಬ್ಯಾಗಿನಿಂದ ಬಟ್ಟೆಗಳನ್ನು ತೆಗೆದು ಮತ್ತೆ ಗೂಟಕ್ಕೆ ಹಾಕಿದಳು.

ಮರಿಗಳೇನೋ ಹೋದವು, ಆಗಲೇ ರೆಕ್ಕೆ ಬಲಿತಿದ್ದ ಸೊಳ್ಳೆಗಳು ಕತ್ತಲಾಗುತ್ತಲೇ ಸಾಕಿದವಳನ್ನು ಹುಡುಕಿಕೊಂಡು ಬಂದವು. ನಾವು ಉಂಡದ್ದು ಮುದ್ದೆ, ಹುರುಳಿಕಾಳು ಸಾರು. ಅವು ಕುಡಿದದ್ದು ನನ್ನನ್ನು. ಮೊದಲು ನಿದ್ದೆ ಹೋದದ್ದು ಮಗು, ಪರದೆಯೊಳಗೆ.